ದಾದಿ ಕೇಳಿ ಪಡೆದ ನೆಗೆಟಿವ್‌ಗಳು

ರಾಣೆಬೆನ್ನೂರಿನಲ್ಲಿ ನನ್ನ ಗಂಡ ಫೋಟೋ ಸ್ಟುಡಿಯೋ ಇಟ್ಟಿದ್ದರು. ಮದುವೆಯಾಗಿ ಬಂದ ಎರಡನೆಯ ವರ್ಷಕ್ಕೆ ನಾನೂ ಕ್ಯಾಮೆರಾ ಹಿಡಿಯಲು, ಡಾರ್ಕ್ ರೂಮಿನಲ್ಲಿ ಫಿಲ್ಮು ತೊಳೆಯಲು ಕಲಿತಿದ್ದೆ. ಆದರೆ ಮದುವೆಗಳಿಗೆ ಅವರೊಬ್ಬರೇ ಹೋಗುತ್ತಿದ್ದರು. ನನ್ನ ಪಾಲಿಗೆ ಬರುತ್ತಿದ್ದುದು ಪಾಸ್‌ಪೋರ್ಟ್ ಸೈಜಿನ ಬಿಗಿದ ಮುಖಗಳು ಮಾತ್ರ.

ಎಂಬತ್ತರ ದಶಕದ ನಡುವೆ ಒಂದು ದಿನ ಬ್ಯಾಡಗಿಯಿಂದ ಒಬ್ಬ ಅಜ್ಜಿ ಬಂದರು. ಮೊಮ್ಮಗಳ ಮದುವೆ ಗೊತ್ತಾಗಿತ್ತು. ಜತೆಗೆ ಬಂದವರು ಅವರನ್ನು ತಮ್ಮ ಮನೆಮಾತಿನಲ್ಲಿ ದಾದಿ, ಅಂದರೆ ಅಜ್ಜಿ, ಅನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಹೆಂಗಸರು ಕೂರುವ ಕಡೆ ಗಂಡಸರು ಬರುವ ಹಾಗಿಲ್ಲ, ನಾನೇ ಬಂದು ಫೋಟೋ ತೆಗೆಯಬೇಕು ಎಂದರು. ಕಲರೂ ಬೇಡ. ಆ ಫಿಲ್ಮು ಹುಬ್ಬಳ್ಳಿಯ ಲ್ಯಾಬಿಗೆ ಹೋಗುತ್ತಿತ್ತು, ಅಲ್ಲಿ ಯಾರ್ಯಾರೋ ನೋಡುತ್ತಿದ್ದರು. ಕಪ್ಪು-ಬಿಳುಪಾದರೆ ತೊಳೆಯುವುದರಿಂದ ಹಿಡಿದು ಪ್ರಿಂಟಿನ ತನಕ ನನ್ನ ಕೈಯಲ್ಲೇ ಇರುತ್ತಿತ್ತು. ಇದಕ್ಕೆಲ್ಲ ನನ್ನ ಗಂಡ ಒಪ್ಪಿದರು. ನೆಗೆಟಿವ್‌ಗಳೂ ತಮಗೇ ಬೇಕೆಂದು ದಾದಿ ಕೇಳಿದಾಗ ಮಾತ್ರ ಗಂಭೀರರಾದರು. ಅವು ತೆಗೆದವರ ಹತ್ತಿರವೇ ಉಳಿಯುವುದು ನಮ್ಮ ಕಸುಬಿನ ಪದ್ಧತಿ ಎಂದು ವಿವರಿಸಿದರು.

ದಾದಿ ಪೂರ್ತಿ ಕೇಳಿಸಿಕೊಂಡರು. "ಕ್ಯಾಮೆರಾ ನಿಮ್ಮದು, ಖರೇ. ಮಾರಿ ನಮ್ಮ ಹುಡಿಗ್ಯಾರವು ಅದಾವಲ್ರಿ" ಎಂದರು.

ನನಗೆ ಮದುವೆಗೆ ಹೋಗುವ ಆಸೆ ಎಷ್ಟಿತ್ತೆಂದರೆ, ಗಂಡ ಬಾಯಿ ತೆರೆಯುವ ಮೊದಲೇ ಹ್ಞೂಂ ಅಂದುಬಿಟ್ಟೆ.

ಬ್ಯಾಡಗಿಯ ಆ ಮನೆಯಲ್ಲಿ ಎರಡು ದಿನ ಇದ್ದೆ. ಮೊದಮೊದಲು ಸೆರಗಿನಲ್ಲಿ ಮುಖ ಮುಚ್ಚಿಕೊಂಡ ಹುಡುಗಿಯರು ಆಮೇಲೆ ತಾವೇ ಕರೆದು ಫೋಟೋ ತೆಗೆಸಿಕೊಂಡರು. ಮೆಹಂದಿ ಒಣಗಲೆಂದು ಏಳು ಜನ ದುಂಡಗೆ ಕುಳಿತು ಕೈ ಚಾಚಿದ್ದಾಗ ನಾನು ಕುರ್ಚಿ ಹತ್ತಿ, ಮೇಲಿನಿಂದ ಕೈಗಳನ್ನಷ್ಟೇ ಕ್ಯಾಮೆರಾದಲ್ಲಿ ಹಿಡಿದೆ. ನಂತರ ಮಾತಿನಂತೆ ನೆಗೆಟಿವ್‌ಗಳನ್ನೆಲ್ಲ ದಾದಿಗೆ ಒಪ್ಪಿಸಿದೆ.

ತಿಂಗಳ ಮೇಲೆ ವರನ ಅಕ್ಕ ಹಾವೇರಿಯಿಂದ ಬಂದು ಒಂದು ಫೋಟೋದ ಪ್ರತಿ ಕೇಳಿದರು. ದಾದಿಯನ್ನೇ ಕೇಳಬೇಕು ಎಂದು ಕಳಿಸಿದೆ. ಆ ವಾರವೇ ದಾದಿ ಬಿಸ್ಕೀಟ್ ಡಬ್ಬಿಯಲ್ಲಿ ನೆಗೆಟಿವ್ ಇಟ್ಟುಕೊಂಡು ಬಸ್ಸಿಳಿದು ಬಂದರು, ಡಾರ್ಕ್ ರೂಮಿನಲ್ಲಿ ನನ್ನ ಪಕ್ಕವೇ ಸ್ಟೂಲ್ ಹಾಕಿಕೊಂಡರು. ಅದರಲ್ಲಿ ನಾಲ್ವರಿದ್ದರು. ಪ್ರತಿಯೊಬ್ಬರನ್ನೂ ಕೇಳಿದ್ದಾಗಿದೆ, ಮೂವರು ಒಪ್ಪಿದ್ದಾರೆ, ಒಬ್ಬಳು ಒಲ್ಲೆ ಅಂದಿದ್ದಾಳೆ, ಅವಳನ್ನು ಬಿಟ್ಟು ಪ್ರಿಂಟು ಹಾಕು ಎಂದರು. ಆ ಒಬ್ಬಳು ಯಾರೆಂದು ಕೇಳಿದೆ.

"ನಾನ. ನಗೂಮುಂದ ಹಿಡದೀ ನೋಡು, ಬಾಯಾಗ ಹಲ್ಲಿಲ್ಲದ್ದು ಎಲ್ಲಾ ಕಾಣತೈತಿ."

ಅವರು ಫೋಟೋದ ಅಂಚಿನಲ್ಲಿದ್ದುದರಿಂದ ಬಿಟ್ಟು ಪ್ರಿಂಟು ಹಾಕುವುದು ಕಷ್ಟವಾಗಲಿಲ್ಲ. ನಗು ತಡೆಯುವುದೇ ಕಷ್ಟವಾಯಿತು. ಕೆಂಪು ದೀಪದಲ್ಲಿ ಅವರೂ ನಗುತ್ತಿದ್ದರು. ಅದೇ ಧೈರ್ಯದಲ್ಲಿ, ಕೈಗಳ ಫೋಟೋ ಒಂದನ್ನು ನಮ್ಮ ಶೋಕೇಸಿನಲ್ಲಿ ಇಡಲೇ ಎಂದು ಕೇಳಿದೆ. ಮುಖ ಒಂದೂ ಇಲ್ಲವಲ್ಲ ಎಂದೆ.

"ಕೈನೂ ಅವರವ ಅಲ್ಲೇನ ಬೇಟಿ? ಕೇಳಿ ಹೇಳತೀನಿ."

ಮದುವೆಯಾಗಿ ಬೇರೆ ಊರು ಸೇರಿದ್ದ ಇಬ್ಬರಿಗೆ ಕಾಗದ ಬರೆಸಿ ಕೇಳಿದರಂತೆ. ಎಲ್ಲರೂ ಹ್ಞೂಂ ಎಂದರು. ದಾದಿ ತಂದುಕೊಟ್ಟ ನೆಗೆಟಿವ್‌ನಿಂದ ದೊಡ್ಡದಾಗಿ ಪ್ರಿಂಟು ಹಾಕಿ ಶೋಕೇಸಿನಲ್ಲಿಟ್ಟಾಗ, ಗಿರಾಕಿಗಳಿಗೆ ನನ್ನ ಗಂಡ ಅದು ನನ್ನ ಕೆಲಸವೆಂದು ಹೇಳತೊಡಗಿದರು. ಅದನ್ನು ನೋಡಿ ಒಂದೆರಡು ಮನೆಯವರು ನನ್ನನ್ನೇ ಕರೆದರು. ಯಾವ ಫೋಟೋ ಶೋಕೇಸಿಗೆ ಹೋಗಬೇಕಾದರೂ ಮೊದಲು ಮನೆಯವರನ್ನು ಕೇಳುವುದು, ಬೇಕೆಂದವರಿಗೆ ನೆಗೆಟಿವ್ ಕೊಟ್ಟುಬಿಡುವುದು ನಮ್ಮಲ್ಲಿ ರೂಢಿಯಾಯಿತು.

ಸಂತೆಗೋ ಆಸ್ಪತ್ರೆಗೋ ರಾಣೆಬೆನ್ನೂರಿಗೆ ಬಂದಾಗಲೆಲ್ಲ ಆ ಹುಡುಗಿಯರು ಗಾಜಿನ ಮುಂದೆ ನಿಂತು ತಮ್ಮ ತಮ್ಮ ಕೈ ಗುರುತಿಸುತ್ತಿದ್ದರು. ಫೋಟೋಗೆ ಹಾಕಿದ ಮರದ ಕಟ್ಟಿನ ಅಂಚಿನಡಿ ತನ್ನ ಕಿರುಬೆರಳು ಮುಚ್ಚಿಹೋಗಿದೆ ಎಂದು ಒಬ್ಬಾಕೆ ತಕರಾರು ತೆಗೆದಳು. ಬಿಚ್ಚಿ, ಬೆರಳು ಕಾಣುವಂತೆ ಇನ್ನೂ ದೊಡ್ಡ ಕಟ್ಟು ಹಾಕಿಸಿದೆವು.