ಖಾಲಾ ಹೇಳಲಾರದ ಮಾತು

ನನ್ನ ಮೊದಲ ಕೂಸು ಶಿವಮೊಗ್ಗದ ತವರುಮನೆಯಲ್ಲಿ ಹುಟ್ಟಿ, ಅರ್ಧ ಗಂಟೆಯೂ ಇರದೆ ಹೋಯಿತು. ಗಾಬರಿಯಲ್ಲಿ ಅದರ ತಲೆಯ ಮೇಲೆ ಜ್ಞಾನಸ್ನಾನದ ನೀರು ಹಾಕಬೇಕೆಂದು ಯಾರಿಗೂ ಹೊಳೆಯಲಿಲ್ಲ, ನನ್ನ ತಾಯಿಗೂ ಹೊಳೆಯಲಿಲ್ಲ. ನೀರು ಬೀಳದ ಕೂಸು ಸ್ವರ್ಗ ಕಾಣುವುದಿಲ್ಲ ಎಂದೇ ಆಗ ನಮ್ಮ ಕ್ರೈಸ್ತ ಮನೆಗಳಲ್ಲಿ ಕಲಿಸುತ್ತಿದ್ದರು. ಅದನ್ನು ನಮ್ಮವರ ಸಮಾಧಿಗಳ ನಡುವೆ ಹೂಳಲು ಬಿಡಲಿಲ್ಲ; ಬೇಲಿಯ ಆಚೆ ಹೂಳಿದರು. ನಾನು ಬಾಣಂತಿ, ನೋಡಲು ಹೋಗಲಿಲ್ಲ. ಆದರೆ ಆ ದಿನ ಹೊಟ್ಟೆಗೆ ಹೊಕ್ಕ ಹೆದರಿಕೆ ಆಮೇಲೆ ಹೊರಗೆ ಬರಲೇ ಇಲ್ಲ. ಅನ್ನ ಬಸಿಯುವಾಗ, ಬಟ್ಟೆ ಹಿಂಡುವಾಗ, ಆ ಕೂಸು ಎಲ್ಲಿದೆಯೋ, ಯಾರ ಕೈಯಲ್ಲಿದೆಯೋ ಎಂದು ಕೈ ಅಲ್ಲೇ ನಿಲ್ಲುತ್ತಿತ್ತು.

ಎರಡು ವರ್ಷದ ಮೇಲೆ ಭದ್ರಾವತಿಯಲ್ಲಿ ಮತ್ತೆ ಬಸುರಾದೆ. ಯುದ್ಧದ ಕಾಲ. ನನ್ನ ಗಂಡ ಕಬ್ಬಿಣದ ಕಾರ್ಖಾನೆಯ ಕುಲುಮೆಯಲ್ಲಿ ಕೆಲಸಕ್ಕಿದ್ದರು. ಒಂದು ಪಾಳಿ ಮುಗಿಸಿ ಬಂದವರನ್ನು ಇನ್ನೊಂದು ಪಾಳಿಗೆ ಕರೆಯುತ್ತಿದ್ದರು. ನಾವಿದ್ದ ಸಾಲುಮನೆಗಳಲ್ಲಿ ನಡುಗೋಡೆ ಹೆಂಚಿನವರೆಗೆ ಏರಿರಲಿಲ್ಲ. ಈ ಮನೆಯಲ್ಲಿ ಕೆಮ್ಮಿದರೆ ಆ ಮನೆಯಲ್ಲಿ ಕೇಳುತ್ತಿತ್ತು. ಆ ಮನೆಯಲ್ಲಿದ್ದವರು ಐವತ್ತು ದಾಟಿದ ಒಬ್ಬ ಮುಸಲ್ಮಾನ ಹೆಂಗಸು. ನಾನು ಅವರನ್ನು ಖಾಲಾ ಎನ್ನುತ್ತಿದ್ದೆ, ಅವರ ಮಾತಿನಲ್ಲಿ ಚಿಕ್ಕಮ್ಮ ಎಂದು. ಅವರ ಗಂಡ ಕಾರ್ಖಾನೆಯ ಇದ್ದಿಲು ಗೋದಾಮಿನಲ್ಲಿದ್ದರು, ಐದು ಹೊತ್ತೂ ನಮಾಜು ತಪ್ಪದ ಮನುಷ್ಯ. ನಮ್ಮ ಸಾಲಿನ ಹೆರಿಗೆಗಳೆಲ್ಲ ಖಾಲಾ ಕೈಯಲ್ಲೇ ಆಗುತ್ತಿದ್ದವು.

ಅವರ ಕುರಾನಿನಲ್ಲಿ ನಮ್ಮ ಯೇಸುವಿನ ತಾಯಿ ಮರಿಯಮ್ಮನವರ ಹೆಸರಿನದೇ ಒಂದು ಅಧ್ಯಾಯವಿದೆ ಎಂದು ನನಗೆ ಹೇಳಿದ್ದು ಖಾಲಾನೇ. ಜಗಲಿಯಲ್ಲಿ ಅಕ್ಕಿಯ ಕಲ್ಲು ಆರಿಸುತ್ತಾ ಕೂತಿದ್ದೆವು.

"ನೋವು ಬಂದಾಗ ಬೀಬಿ ಮರ್ಯಮ್ ಒಬ್ಬರೇ ಇದ್ರು ಕಣೆ. ಖರ್ಜೂರದ ಮರಕ್ಕೆ ಒರಗ್ಕೊಂಡು, ಇದಕ್ಕಿಂತ ಮೊದ್ಲೇ ಸತ್ತಿದ್ರೆ ಚೆನ್ನಾಗಿತ್ತು ಅಂತ ಅತ್ತರು. ಆಗ ಕಾಲ ಕೆಳಗೇ ನೀರು ಹರೀತು, ಮರದಿಂದ ಹಣ್ಣು ಉದುರ್ತು."

"ನಮ್ಮಲ್ಲಿ ದನದ ಕೊಟ್ಟಿಗೆ ಖಾಲಾ. ನೀವು ಮರ ಎಲ್ಲಿಂದ ತಂದ್ರಿ?" ಎಂದು ಕಾಲೆಳೆದೆ.

"ಕೊಟ್ಟಿಗೆ ಆದ್ರೇನು, ಮರ ಆದ್ರೇನು, ಹೆರೋಳಿಗೆ ನೋವು ಒಂದೇ ಅಲ್ವೇನೆ? ನಿಮ್ಮ ಯೇಸುನೇ ನಮ್ಮ ಈಸಾ ಪೈಗಂಬರು, ಅವರನ್ನ ನಂಬದೋನು ಮುಸಲ್ಮಾನನೇ ಅಲ್ಲ. ಗಂಡಿನ ಸೋಂಕಿಲ್ದೆ ಹುಟ್ಟಿದೋರು ಅಂತ ನಾವೂ ನಂಬ್ತೀವಿ. ಆದ್ರೆ ದೇವರ ಮಗ ಅಂತ ಮಾತ್ರ ಅನ್ಬೇಡ ಮಾರಾಯ್ತಿ. ಅಲ್ಲಾಗೆ ಹೆಂಡ್ತಿಯಾ, ಮಕ್ಕಳಾ?"

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. "ದೇವರು ನಿಮ್ಮನ್ನ ಕೇಳ್ಕೊಂಡು ಬರ್ಬೇಕಿತ್ತಾ?" ಎಂದು ಮೊರ ಕುಕ್ಕಿ ಒಳಗೆ ಹೋದೆ. ಎರಡು ದಿನ ಮಾತು ಬಿಟ್ಟೆ. ಮೂರನೆಯ ದಿನ ಖಾಲಾ ಒಂದು ಬಟ್ಟಲು ಹುರುಳಿ ಸಾರು ತಂದಿಟ್ಟರು. ಬಸುರಿಯ ಸಿಟ್ಟು ಸಾರಿನ ಮುಂದೆ ಎಷ್ಟು ಹೊತ್ತು ನಿಂತೀತು? ಉಂಡೆ, ಮಾತಾಡಿದೆ.

ತಿಂಗಳಿಗೊಮ್ಮೆ ಶಿವಮೊಗ್ಗದಿಂದ ಪೂಜೆಗೆ ಬರುತ್ತಿದ್ದ ನಮ್ಮ ಪಾದ್ರಿಗಳನ್ನು ನಾನು ಒಂದು ಪ್ರಶ್ನೆ ಕೇಳಿದ್ದೆ. ಕೂಸು ಸಾಯುವಂತಿದ್ದು, ನಮ್ಮವರು ಯಾರೂ ಹತ್ತಿರವಿಲ್ಲದಿದ್ದರೆ? ಆಗ ಯಾರು ಬೇಕಾದರೂ ನೀರು ಹಾಕಬಹುದು, ಕ್ರೈಸ್ತರೇ ಆಗಬೇಕಿಲ್ಲ ಎಂದರು. ತಲೆಯ ಮೇಲೆ ನೀರು ಹರಿಸಿ, ಪಿತನ, ಸುತನ, ಪವಿತ್ರಾತ್ಮನ ಹೆಸರಿನಲ್ಲಿ ನಿನಗೆ ಜ್ಞಾನಸ್ನಾನ ಕೊಡುತ್ತೇನೆ ಎಂದರೆ ಸಾಕು. ಹಾಕುವವರಿಗೆ ನಂಬಿಕೆ ಇರದಿದ್ದರೂ ನಡೆಯುತ್ತದೆ, ಆದರೆ ಮನಸ್ಸಿಟ್ಟು ಮಾಡಬೇಕು, ಬರೀ ಬಾಯಿಮಾತಾದರೆ ಆಗುವುದಿಲ್ಲ.

ಅಂದೇ ಹೋಗಿ, ಅಂಥ ಹೊತ್ತು ಬಂದರೆ ನೀವೇ ನೀರು ಹಾಕಿ ಆ ಮಾತು ಹೇಳಬೇಕು ಎಂದು ಖಾಲಾ ಕೈ ಹಿಡಿದೆ. ನನ್ನ ಮಾತು ಮುಗಿಯುವ ಮೊದಲೇ ಅವರು ಎರಡೂ ಕೆನ್ನೆ ಬಡಿದುಕೊಂಡರು.

"ತೌಬಾ, ತೌಬಾ! ಸುತ ಅನ್ನೋ ಮಾತು ನನ್ನ ನಾಲಿಗೆ ಮೇಲೆ ಬರ್ಬೇಕಾ? ಇಷ್ಟು ವರ್ಷದ ನಮಾಜು ಹೋಯ್ತು ಅಂತ್ಲೇ ಲೆಕ್ಕ. ಮನಸ್ಸಿಟ್ಟು ಅಂದ್ರೆ ಧರ್ಮ ಬಿಟ್ಟಂಗೆ, ನಿಕಾಹ್ ಕೂಡ ಮುರಿದು ಬೀಳುತ್ತೆ ಅಂತಾರೆ. ನಿನ್ನ ಕೂಸಿಗೆ ನನ್ನ ಜೀವ ಬೇಕಾದ್ರೂ ಕೇಳು, ಇದೊಂದು ಬೇಡ ಬೇಟಿ."

ಅವರ ಕಣ್ಣಲ್ಲಿ ಕಂಡದ್ದು ನನ್ನದೇ ಹೆದರಿಕೆ. ನಾನು ಅಲ್ಲಿಗೆ ಬಿಡಬೇಕಿತ್ತು, ಬಿಡಲಿಲ್ಲ. ದಿನವೂ ಸಂಜೆ ನಡುಗೋಡೆಯ ಪಕ್ಕದಲ್ಲೇ ನಿಂತು, ಪ್ರಾರ್ಥನೆಯ ನೆಪದಲ್ಲಿ ಆ ಮಾತುಗಳನ್ನು ಗಟ್ಟಿಯಾಗಿ ಹೇಳಿದೆ. ಅವರಿಗೆ ಬಾಯಿಪಾಠ ಆಗಲಿ ಎಂದೇ ಹೇಳಿದೆ. ಆಚೆ ಕಡೆ ಪಾತ್ರೆಗಳ ಸದ್ದು ಜೋರಾಗುತ್ತಿತ್ತು. ನಾನೂ ದನಿ ಏರಿಸುತ್ತಿದ್ದೆ.

ಎಂಟನೆಯ ತಿಂಗಳು ತುಂಬಿರಲಿಲ್ಲ. ಗಂಡ ಬೆಳಗಿನ ಪಾಳಿಗೆ ಹೋದ ಸ್ವಲ್ಪ ಹೊತ್ತಿಗೆ ಬಚ್ಚಲಲ್ಲಿ ಕಾಲ ಮೇಲೆ ಬಿಸಿಯಾಗಿ ಏನೋ ಇಳಿಯಿತು. ನೋಡಿದರೆ ರಕ್ತ. "ಖಾಲಾ!" ಎಂದು ಕೂಗಿದ್ದಷ್ಟೇ. ಅವರು ಸೆರಗು ಸಿಕ್ಕಿಸಿಕೊಂಡು ಓಡಿ ಬಂದರು, ನನ್ನ ಗಂಡನನ್ನು ಕರೆತರಲು ತಮ್ಮ ಗಂಡನನ್ನು ಕಾರ್ಖಾನೆಗೆ ಅಟ್ಟಿದರು. ಆಸ್ಪತ್ರೆಗೆ ಹೋಗುವಷ್ಟು ಹೊತ್ತೇ ಇರಲಿಲ್ಲ. ಹೊತ್ತೇರುವ ಮೊದಲೇ ಕೂಸು ಬಂತು. ಹೆಣ್ಣು. ಅಳಲಿಲ್ಲ. ಖಾಲಾ ಅಂಗಾಲು ತಟ್ಟಿದರು, ಬಾಯೊಳಗೆ ಉಸಿರು ಊದಿದರು. ಒಂದು ಸಲ ಎದೆ ಮೇಲೆದ್ದಿತು. ಒಂದೇ ಸಲ ಬೆಕ್ಕಿನ ಮರಿಯಷ್ಟು ದನಿ ಬಂತು.

"ನೀರು, ಖಾಲಾ. ನೀರು."

ಅವರು ಚೊಂಬನ್ನು ನನ್ನ ಕೈಗೇ ಕೊಡಲು ನೋಡಿದರು. ನನಗೆ ಬೆರಳು ಮಡಿಸಲೂ ಆಗಲಿಲ್ಲ. ಕೆಳಗೆ ರಕ್ತ ಹರಿಯುತ್ತಲೇ ಇತ್ತು. "ಪಿತನ" ಎಂದೆ. ಮುಂದಿನ ಮಾತು ಬರಲಿಲ್ಲ, ಕಣ್ಣು ಕತ್ತಲಿಟ್ಟಿತು. ಕೊನೆಗೆ ಕಂಡದ್ದು ಖಾಲಾ ಮುಖ. ಅಷ್ಟು ಹೆದರಿದ ಮುಖವನ್ನು ನಾನು ಆಮೇಲೆ ಎಲ್ಲೂ ಕಂಡಿಲ್ಲ.

ಎಚ್ಚರವಾದಾಗ ಗಂಡ ತಲೆದೆಸೆಯಲ್ಲಿದ್ದರು. ಕೂಸನ್ನು ಬಿಳಿ ಪಂಚೆಯ ತುಂಡಿನಲ್ಲಿ ಸುತ್ತಿಟ್ಟಿದ್ದರು. ಖಾಲಾ ಗೋಡೆಗೆ ಮುಖ ಮಾಡಿ ಕೂತಿದ್ದರು.

"ಹಾಕಿದ್ರಾ?" ಎಂದೆ. ಹೌದೆಂದು ತಲೆಯಾಡಿಸಿದರು.

"ಹೇಳಿದ್ರಾ?"

ಅದಕ್ಕೂ ತಲೆಯಾಡಿಸಿದರು. ಎದ್ದು ಹೋದರು.

ಮರುದಿನ ಬೆಳಗಿನ ರೈಲಿಗೆ ಪಾದ್ರಿಗಳು ಬಂದರು. ಕೂಸನ್ನು ಎಲ್ಲಿ ಹೂಳುವುದು ಎಂದು ಅವರು ತೀರ್ಮಾನಿಸಬೇಕಿತ್ತು. ನಮ್ಮ ಬಾಗಿಲಲ್ಲೇ ನಿಂತು ಖಾಲಾರನ್ನು ಕರೆಸಿದರು. ಖಾಲಾ ಜೊತೆ ಅವರ ಗಂಡನೂ ಬಂದರು. ಒಳಗೆ ಚಾಪೆಯ ಮೇಲೆ ಮಲಗಿದ್ದ ನನಗೆ ಎಲ್ಲ ಕಾಣುತ್ತಿತ್ತು, ಕೇಳುತ್ತಿತ್ತು. ನೀರು ತಲೆಯ ಮೇಲೆ ಹರಿಯಿತೆ? ಹರಿಯಿತು. ಆಗ ಜೀವ ಇತ್ತೆ? ಇತ್ತು. ಏನು ಹೇಳಿದೆ? ಖಾಲಾ ತಲೆ ತಗ್ಗಿಸಿ ಹೇಳಿದರು, ಒಂದಕ್ಷರ ತಪ್ಪಲಿಲ್ಲ. ಅವರ ಗಂಡ ಬಾಗಿಲ ಚೌಕಟ್ಟು ಹಿಡಿದುಕೊಂಡರು.

"ಮನಸ್ಸಿಟ್ಟು ಹೇಳಿದೆಯಾ ತಾಯಿ, ಇಲ್ಲ ಇವಳ ಸಮಾಧಾನಕ್ಕೆ ಬಾಯಲ್ಲಿ ಅಂದೆಯಾ?"

ಅಯ್ಯೋ ದೇವರೇ! ಹೌದು ಎಂದರೆ ಅವರ ನಮಾಜು ಹೋಯಿತು, ನಿಕಾಹ್ ಹೋಯಿತು, ಮನೆಯೇ ಹೋಯಿತು. ಇಲ್ಲ ಎಂದರೆ ನನ್ನ ಈ ಕೂಸೂ ಬೇಲಿಯ ಆಚೆ. ಬಿಡಿ ಸ್ವಾಮಿ, ಅವರನ್ನು ಕೇಳಬೇಡಿ ಎಂದು ನಾನು ಒಂದು ಮಾತು ಕೂಗಬಹುದಿತ್ತು. ಅಷ್ಟು ದನಿ ನನಗಿತ್ತು. ಬಾಯಿ ಮುಚ್ಚಿಕೊಂಡೇ ಇದ್ದೆ. ಈಗಲೂ ಅದನ್ನು ನೆನೆದರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

"ಮನಸ್ಸಿಟ್ಟೇ ಹೇಳ್ದೆ ಸ್ವಾಮಿ," ಎಂದರು ಖಾಲಾ.

ಅವರ ಗಂಡ ಮೆಟ್ಟಿಲಿಳಿದು ಹೋದರು. ಕೂಸನ್ನು ನಮ್ಮವರ ನಡುವೆಯೇ ಹೂಳಿದರು.

ನಾಲ್ಕು ದಿನ ನಡುಗೋಡೆಯ ಆಚೆ ಗಂಡಸಿನ ದನಿ ಕೇಳಲಿಲ್ಲ. ಆ ಮನುಷ್ಯ ಗೋದಾಮಿನಲ್ಲೇ ಉಣ್ಣುತ್ತಾರೆ, ಅಲ್ಲೇ ಮಲಗುತ್ತಾರೆ ಎಂದು ನನ್ನ ಗಂಡ ಹೇಳಿದರು. ನನಗೆ ಎದೆಹಾಲು ಕಟ್ಟಿ ಜ್ವರ. ಆ ಜ್ವರದಲ್ಲೂ ಒಂದೇ ಯೋಚನೆ, ಈ ವಯಸ್ಸಿನಲ್ಲಿ ಆ ಹೆಂಗಸು ಗಂಟು ಕಟ್ಟಿಕೊಂಡು ಯಾರ ಮನೆಗೆ ಹೋಗಬೇಕು? ಖಾಲಾ ಮಾತ್ರ ಹೊತ್ತಿಗೆ ಸರಿಯಾಗಿ ಬಂದು ನನಗೆ ಗಂಜಿ ಕುಡಿಸಿ ಹೋಗುತ್ತಿದ್ದರು.

ಶುಕ್ರವಾರ ಮಧ್ಯಾಹ್ನದ ನಮಾಜು ಮುಗಿದ ಮೇಲೆ ಆಚೆ ಮನೆಯಲ್ಲಿ ಹಲವು ಚಪ್ಪಲಿಗಳ ಸದ್ದಾಯಿತು. ಗಂಡ ಹೋಗಿ ನೋಡಿ ಬಂದರು. ಖಾಲಾ ಗಂಡ ಮೌಲ್ವಿಯನ್ನೂ ಇಬ್ಬರು ಸಾಕ್ಷಿಗಳನ್ನೂ ಕರೆತಂದಿದ್ದಾರೆ, ಅಂಥ ಮಾತು ಆಡಿದ ಮೇಲೆ ತೌಬಾ ಎಂದು ಪಶ್ಚಾತ್ತಾಪ ಹೇಳಿಸಿ, ಅವರ ನಂಬಿಕೆಯ ಕಲಿಮಾ ಓದಿಸಿ, ನಿಕಾಹ್ ಹೊಸದಾಗಿ ಮಾಡಬೇಕಂತೆ ಎಂದರು. "ತೌಬಾ ಮಾಡದಿದ್ರೆ?" ಎಂದೆ. "ಹಾಗಾದ್ರೆ ನಿಕಾಹ್ ಇಲ್ಲ," ಎಂದರು ಗಂಡ.

ನಾನು ಎದ್ದು ಗೋಡೆ ಹಿಡಿದು ನಿಂತೆ. ಬಜಾರಿನಲ್ಲಿ ಬೆಳೆದವಳು, ಅವರ ಉರ್ದು ನನಗೆ ಬರುತ್ತಿತ್ತು.

"ಆವತ್ತು ಮಾಡಿದ್ದಕ್ಕೆ ತೌಬಾ ಮಾಡ್ತೀಯಾ?" ಎಂದರು ಮೌಲ್ವಿ.

"ಆ ಮಾತಿಗೆ ಮಾಡ್ತೀನಿ ಹಜರತ್. ಸಾಯೋವರೆಗೂ ಮಾಡ್ತೀನಿ." ಎಂದರು ಖಾಲಾ. "ಕೂಸಿಗೆ ನೀರು ಹಾಕಿದ್ದಕ್ಕೆ ಮಾಡಲ್ಲ."

ಯಾರೋ ಕೆಮ್ಮಿದರು. "ಆ ಮಾತಿಗೆ ಮಾಡಿದ್ರೆ ಸಾಕು," ಎಂದರು ಮೌಲ್ವಿ. ಆಮೇಲೆ ಕಲಿಮಾ ಹೇಳಿಸಿದರು. ಖಾಲಾ ಹೇಳಿದರು. ಈಕೆ ಕಬೂಲಾ, ಹೆಂಡತಿಯಾಗಿ ಒಪ್ಪಿದ್ದೀಯಾ ಎಂದು ಮೌಲ್ವಿ ಆ ಮನುಷ್ಯನನ್ನು ಕೇಳಿದರು. ಎರಡನೆಯ ಸಲ ಕೇಳಬೇಕಾಯಿತು. ನಾನು ಎರಡೂ ಅಂಗೈ ಗೋಡೆಗೆ ಒತ್ತಿ, ಯಾರ ದೇವರು ಏನು ಎಂದು ನೋಡದೆ ಬೇಡಿಕೊಂಡೆ.

"ಕಬೂಲ್," ಎಂದರು ಮುದುಕ. ಅವರು ಅಳುತ್ತಿದ್ದರು.