ದಾಸಮ್ಮನ ಜಾಲಿ, ಕೆಳಗಿನೂರಿನ ಶಿಲುಬೆ

ಕೆಳಗಿನೂರಿನ ಚರ್ಚಿನ ಶಿಲುಬೆಗೆ ಮರ ಕೊಡುವ ಹಕ್ಕು ಕುರಿ ಸಾಕುವ ಒಂದು ಹಿಂದೂ ಮನೆಯದು ಎಂದರೆ ಹೊರಗಿನವರು ನಂಬುವುದಿಲ್ಲ. ಕನಕಪುರದಿಂದ ಹಾರೋಹಳ್ಳಿಗೆ ಹೋಗುವ ರಸ್ತೆ ಬಿಟ್ಟು ಒಳಗೆ ನಡೆದರೆ ಕೆರೆಯ ಈ ದಡಕ್ಕೆ ಕುರುಬರ ಹಟ್ಟಿ, ಆ ದಡಕ್ಕೆ ಕ್ರೈಸ್ತರ ಕೆಳಗಿನೂರು. ಹಟ್ಟಿಯ ಆ ಮನೆಯ ಸೊಸೆ ದಾಸಮ್ಮನ ಮಾವನ ಕಾಲದಲ್ಲಿ ಹಿಂಡಿಗೆ ರೋಗ ಬಿದ್ದಾಗ ಆತ ಚರ್ಚಿನ ಗುರುಗಳಿಂದ ತೀರ್ಥ ತಂದು ಕುರಿಗಳಿಗೆ ಚಿಮುಕಿಸಿದನಂತೆ. ಉಳಿದ ಕುರಿ ಬದುಕಿದವು. ಅಂದಿನಿಂದ ಶುಭ ಶುಕ್ರವಾರದ ಶಿಲುಬೆಗೆ ಪ್ರತಿ ವರ್ಷ ಆ ಮನೆಯ ಬದುವಿನ ಜಾಲಿ. ಯೇಸುವಿನ ತಲೆಗೆ ಮುಳ್ಳಿನ ಕಿರೀಟ ಕೊಟ್ಟ ಮರವೇ ಶಿಲುಬೆಯನ್ನೂ ಕೊಟ್ಟಿತೆಂದು ಕೆಳಗಿನೂರಿನ ಹಳಬರು ನಂಬಿದ್ದರು.

ನಲವತ್ತು ದಿನದ ಉಪವಾಸ ಶುರುವಾಗುವ ಬೂದಿ ಬುಧವಾರ ಮರ ಕಡಿಯಬೇಕು. ದಿಮ್ಮಿ ಚರ್ಚಿನ ಹಿಂದೆ ನೆರಳಲ್ಲಿ ಒಣಗಬೇಕು. ಮೊಳೆ ಹೊಡೆಯುವ ಮುಂಚೆ, ಶುಭ ಶುಕ್ರವಾರದ ಹಿಂದಿನ ಗುರುವಾರ, ಮರ ಕೊಟ್ಟ ಮನೆಯ ಹೆಂಗಸು ಬಂದು ಅದಕ್ಕೆ ಹರಳೆಣ್ಣೆ ಸವರಬೇಕು. ಮಾಗಡಿ ಕಡೆಯ ತಿಪ್ಪಸಂದ್ರದಿಂದ ಸೊಸೆಯಾಗಿ ಬಂದ ವರ್ಷವೇ ದಾಸಮ್ಮನಿಗೆ ಈ ಕೆಲಸ ಬಿತ್ತು. ಮೊದಮೊದಲು ಅವಳಿಗೆ ಅದು ಕೈಗೆ ಜಿಡ್ಡು ಮೆತ್ತುವ ಇನ್ನೊಂದು ಮನೆಗೆಲಸ ಮಾತ್ರ. ಗಂಡ ಸತ್ತ ಮೇಲೆ ಅದರ ಬೆಲೆ ತಿಳಿಯಿತು. ಸೀಮಂತಕ್ಕೆ, ನಾಮಕರಣಕ್ಕೆ ಯಾರೂ ಅವಳನ್ನು ಮುಂದೆ ಕರೆಯಲಿಲ್ಲ. ಸ್ವಂತ ಮಗ ಚಿಕ್ಕರಾಜುವಿನ ಮದುವೆಯಲ್ಲಿ ಅರಿಶಿನದ ಬಟ್ಟಲು ಮುಟ್ಟಲು ಹೋದಾಗ ನಾದಿನಿ ಮೊಣಕೈ ಹಿಡಿದು ಹಿಂದಕ್ಕೆ ಎಳೆದಳು. ಕೆಳಗಿನೂರಿನವರು ಮಾತ್ರ, ಎಣ್ಣೆ ಹಚ್ಚುವ ಕೈಗೆ ಬಳೆ ಉಂಟೋ ಇಲ್ಲವೋ ಎಂದು ನೋಡಲಿಲ್ಲ.

ಈ ವರ್ಷ ಬದುವಿನಲ್ಲಿ ಉಳಿದದ್ದು ಒಂದೇ ದೊಡ್ಡ ಜಾಲಿ. ಮಿಕ್ಕವೆಲ್ಲ ಎಳೆಯವು. ಮಧ್ಯಾಹ್ನ ಕುರಿ ಮಲಗುತ್ತಿದ್ದುದು ಅದರ ಬುಡದಲ್ಲೇ. ದಾಸಮ್ಮ ಎರಡು ಮಾತಾಡದೆ ಕಡಿಸಿದಳು. ಗುರುವಾರ ಎಣ್ಣೆ ಹಿಡಿದು ಚರ್ಚಿನ ಅಂಗಳಕ್ಕೆ ಹೋದರೆ ಗೋಡೆಗೆ ಬೇರೊಂದು ಶಿಲುಬೆ ಒರಗಿತ್ತು. ಬೆಳ್ಳಗೆ, ನುಣ್ಣಗೆ. ಅಡ್ಡ ಹಲಗೆಯಲ್ಲಿ ಉಜ್ಜಿದರೂ ಪೂರ್ತಿ ಅಳಿಸದ ಎರಡು ಕಪ್ಪು ಬಾಣದ ಗುರುತು.

ಚರ್ಚಿನ ಸಮಿತಿಯ ಹಿರಿಯ ರಾಯಪ್ಪ ಟವೆಲ್ ಕೊಡವುತ್ತಾ ಎದುರು ಬಂದ.

"ಬಾ ದಾಸಕ್ಕ. ನಿಂಗೆ ಹೇಳಿ ಕಳ್ಸವ ಅಂತಲೇ ಇದ್ದೆ."

"ಇದ್ಯಾವ ಮರಣ್ಣ?"

"ಪೈನಂತೆ. ನಮ್ ಹುಡುಗ್ರು ಫೋನ್ನಾಗೆ ಓದವ್ರೆ. ಒಬ್ಬ ದೇವದಾರು ಅಂದ, ಇನ್ನೊಬ್ಬ ಆಲಿವ್ ಅಂದ. ಕೊನೆಗೆ ಪೈನೇ ನಿಜವಾದ್ದು ಅಂತ ಆಯ್ತು."

"ಜಾಲಿ ಅಂತ ಯಾರೂ ಅನ್ನಲಿಲ್ವಾ?"

"ನಂಗೇನ್ ಗೊತ್ತಕ್ಕ, ನಾನೇನ್ ಅಲ್ಲಿಗೋಗಿ ನೋಡ್ಕಂಡ್ ಬಂದಿದ್ದೀನಾ?"

"ಕಡ್ಸೋಕ್ ಮುಂಚೆ ಒಂದ್ ಮಾತು ಹೇಳ್ಬಾರ್ದಾಗಿತ್ತಾ?"

"ಆವಾಗ ಯಾರಿಗ್ ಗೊತ್ತಿತ್ತು? ಪೈನ್ ಸಿಕ್ಕಿದ್ದೇ ಆಮೇಲೆ. ತಂದ್ಕೊಟ್ಟೋನು ನಿನ್ ಮಗನೇ ಅಲ್ವಾ? ಯಾಕೆ, ಹೇಳ್ನಿಲ್ವಾ?"

ಹೇಳಿರಲಿಲ್ಲ. ಚಿಕ್ಕರಾಜು ಹಾರೋಹಳ್ಳಿಯ ಒಂದು ಕಾರ್ಖಾನೆಯಲ್ಲಿ ಲೋಡಿಂಗ್ ಕೆಲಸದವನು. ಹೊರದೇಶದಿಂದ ಯಂತ್ರಗಳು ಬರುವ ಪೆಟ್ಟಿಗೆ ಒಡೆದ ಮೇಲೆ ಬಾಣದ ಗುರುತಿನ ಪೈನ್ ಹಲಗೆ ಅಲ್ಲೇ ಉಳಿಯುತ್ತಿತ್ತು. ಸಂಜೆ ಅವನು ಬಸ್ಸಿಳಿದು ಬಂದು ಕಾಲು ತೊಳೆಯುವಾಗ ದಾಸಮ್ಮ ಕೇಳಿದಳು.

"ಕೇಳಿದ್ರು, ಕೊಟ್ಟೆ," ಎಂದ. "ಸ್ಟೋರ್ ಹಿಂದೆ ಗೆದ್ಲು ಹಿಡೀತಾ ಬಿದ್ದಿತ್ತು. ಅಷ್ಟಕ್ಕೂ ನಮ್ ಮನೆಯೋರೇ ಕೊಟ್ಟಂಗಾಯ್ತಲ್ಲವ್ವಾ."

"ಕೂಲಿ ಮಾಡೋ ಜಾಗದ್ ಕಸ ತಂದು ಮನೆ ಹಕ್ಕು ಅಂತೀಯಲ್ಲೋ."

"ಒಂದ್ ಮರಕ್ಕೆ ಇಷ್ಟೊಂದಾ?"

ದಾಸಮ್ಮ ಹಚ್ಚದೆ ಉಳಿದ ಹರಳೆಣ್ಣೆಯನ್ನು ಗೂಡಿನಲ್ಲಿ ಎತ್ತಿಟ್ಟಳು. ಅವತ್ತು ಅರಿಶಿನದ ಮಣೆಯ ಮೇಲೆ ಕೂತಿದ್ದವನು ಇವನೇ. ಅವ್ವ ಎಲ್ಲಿ ಎಂದು ತಿರುಗಿ ನೋಡದವನೂ ಇವನೇ.

ಮಾರನೆಯ ದಿನ ಶಿಲುಬೆಯ ಮೆರವಣಿಗೆಗೆ ಹೋಗಬಾರದು ಎಂದುಕೊಂಡೇ ಹೋದಳು. ಯೇಸುವಿನ ಪಾತ್ರದ ಅಂತೋಣಿ ಶಿಲುಬೆ ಹೊತ್ತು ಬೀದಿಗೆ ಬಂದ. ಹಸಿ ಆರದ ಜಾಲಿ ಹೊತ್ತ ವರ್ಷಗಳಲ್ಲಿ ಯೇಸು ದಾರಿಯಲ್ಲಿ ಮೂರು ಸಲ ಬೀಳುವುದನ್ನು ಯಾರೂ ನಟಿಸಬೇಕಾಗಿರಲಿಲ್ಲ. ಈ ಸಲ ಅಂತೋಣಿ ಜಾಗ ನೋಡಿಕೊಂಡು ಮಂಡಿಯೂರಿದ. ಜನರ ನಡುವಿನಿಂದ ಯಾರೋ ಕೂಗಿದರು: "ಒಸಿ ಭಾರ ಇರೋ ಹಂಗಾದ್ರೂ ನಡ್ಯೋ ಲೇ, ಛತ್ರಿ ಹಿಡ್ಕಂಡಂಗೆ ಹೊತ್ತಿದ್ದೀಯಲ್ಲ!" ನಗು ತಡೆಯಲು ಹೆಂಗಸರು ಸೆರಗು ಬಾಯಿಗೆ ಹಿಡಿದರು. ದಾಸಮ್ಮನಿಗೆ ನಗು ಬರಲಿಲ್ಲ, ಸಮಾಧಾನವೂ ಆಗಲಿಲ್ಲ.

ಪ್ರಾರ್ಥನೆ ಮುಗಿದ ಮೇಲೆ ಚರ್ಚಿನ ಹಿಂದೆ ಉಪವಾಸದವರಿಗೆ ಗಂಜಿ. ಕಲ್ಲಿನ ಒಲೆಯೊಳಗೆ ಅವಳ ಜಾಲಿ ಸೀಳುಸೀಳಾಗಿ ಉರಿಯುತ್ತಿತ್ತು. ಸೌಟು ಹಿಡಿದ ರಾಯಪ್ಪನ ಹೆಂಡತಿ ಅಕ್ಕರೆಯಿಂದಲೇ ಕರೆದಳು: "ಬಾ ದಾಸಕ್ಕ, ನಿಮ್ ಮರಾನೇ ಕಣವ್ವ. ಏನ್ ಕೆಂಡ ಅಂತೀಯ! ಹೊಗೆ ಅನ್ನೋದೇ ಇಲ್ಲ."

ಆ ಹೆಂಗಸಿನ ಮಾತಿನಲ್ಲಿ ಕೊಂಕಿರಲಿಲ್ಲ. ಜಗಳ ತೆಗೆಯಲೂ ಅಲ್ಲಿ ಏನೂ ಸಿಗಲಿಲ್ಲ. ದಾಸಮ್ಮ ಬಟ್ಟಲು ಇಸಿದುಕೊಂಡು, ನಿಂತೇ ಕುಡಿದು, ತೊಳೆದಿಟ್ಟು, ಕೆರೆ ಏರಿಯ ಮೇಲೆ ಒಬ್ಬಳೇ ಹಿಂತಿರುಗಿದಳು.

ಈಸ್ಟರ್ ಕಳೆದ ವಾರ ಇದ್ದಿಲು ಸುಡುವವನನ್ನು ಅವಳೇ ಕರೆಸಿ ಬದುವಿನ ಎಳೆಯ ಜಾಲಿಗಳನ್ನೂ ತೋರಿಸಿದಳು. ಮುಂದೆಂದಾದರೂ ಕೆಳಗಿನೂರಿನವರು ಮನಸ್ಸು ಬದಲಿಸಿ ಬಂದರೆ ಕೊಡಲು ಏನೂ ಇರಬಾರದು. ಚಿಕ್ಕರಾಜು ಬರುವಷ್ಟರಲ್ಲಿ ಬದು ಬೋಳಾಗಿತ್ತು.

"ಏನವ್ವಾ ಇದು? ಬೇಸ್ಗೇಲಿ ಕುರಿಗೆ ಜಾಲಿಕಾಯಿ ಎಲ್ಲಿಂದ ತರಾನೆ?"

"ನಿನ್ ಸ್ಟೋರ್ ಹಿಂದೆ ಬಿದ್ದಿರ್ತದೆ, ನೋಡು," ಎಂದಳು ದಾಸಮ್ಮ. ಎದ್ದು, ಕುರಿ ಬಿಟ್ಟುಕೊಂಡು ಬಿಸಿಲಿಗೆ ನಡೆದಳು.