ಗೌರಿ ಹಳ್ಳಕ್ಕಿಳಿದ ದಿನ

ಬೆಳಗ್ಗೆ ಸಾಗರದ ಸಂತೆಯಿಂದ ತಂದ ಒಂದೆಲಗದ ಕಟ್ಟು ಬಿಚ್ಚಿದೆ ನೋಡಿ, ಬೇರಿಗಂಟಿದ್ದ ಕೆಸರಿನ ವಾಸನೆ ಮೂಗಿಗೆ ಬಡಿಯಿತು. ತಂಬುಳಿ ಮಾಡಲು ಹೊರಟವಳು ಮಣೆಯ ಮೇಲೆ ಕುಳಿತೇಬಿಟ್ಟೆ. ಹೊಸನಗರದ ಕಡೆಯ ನಮ್ಮ ಶಾಲೆಯ ಹಿಂದೆ ಹರಿಯುತ್ತಿದ್ದ ಹಳ್ಳದ ವಾಸನೆ ಅದು. ವಯಸ್ಸಾದವರಿಗೆ ಕೂರಲು ಒಂದು ನೆಪ ಸಾಕು ಅನ್ನುತ್ತೀರೇನೋ. ಅದೂ ಸರಿಯೇ.

ಅರವತ್ತರ ದಶಕ. ಶರಾವತಿಗೆ ಅಣೆಕಟ್ಟು ಬಂದು ಊರುಗಳು ಮುಳುಗಿದ ಕಾಲ. ನಾನಾಗ ಮೂರನೇ ಕ್ಲಾಸು. ವರ್ಷದ ನಡುವೆ ಗೌರಿ ಎಂಬ ಹುಡುಗಿ ಬಂದು ಸೇರಿದಳು. ಮನೆ, ಗದ್ದೆ ಎಲ್ಲ ನೀರಿನಡಿ ಹೋಗಿ, ಅವರ ಮನೆಯವರು ನಮ್ಮೂರಿನ ನೆಂಟರಲ್ಲಿ ಉಳಿದಿದ್ದರು. ಅದೆಲ್ಲ ನಮಗೆಲ್ಲಿ ಅರ್ಥವಾಗಬೇಕು? ನಮಗೆ ಗೊತ್ತಿದ್ದದ್ದು ಅವಳು ಕಚ್ಚುತ್ತಾಳೆ ಎಂಬುದಷ್ಟೇ. "ನಿಮ್ಮೂರು ಯಾವ್ದೇ?" ಎಂದು ಕೇಳಿ ಮೊದಲು ಕಚ್ಚಿಸಿಕೊಂಡ ಹೆಗ್ಗಳಿಕೆ ನನ್ನದು.

ಮೂರು ಮಕ್ಕಳ ತೋಳು ಕೆಂಪಾದ ಮೇಲೆ ಹೆಡ್‌ಮಾಸ್ಟರು ಬಂದರು. "ಇನ್ನೊಂದ್ಸಲ ಕಚ್ಚಿದ್ರೆ ಹೆಸರು ತೆಗ್ದು ಮನೆಗೆ ಕಳಿಸ್ತೀನಿ," ಎಂದರು.

ನಮ್ಮ ಕ್ಲಾಸಿನ ಟೀಚರು ಸರೋಜಾ ಅಕ್ಕೋರು ಮೆಲ್ಲಗೆ ಕೇಳಿದರು: "ಯಾವ ಮನೆಗೆ ಸಾರ್?"

ಹೆಡ್‌ಮಾಸ್ಟರು ಪಂಚೆ ಸರಿಮಾಡಿಕೊಂಡು ತಮ್ಮ ಕೋಣೆಗೆ ಹೊರಟರು. ಅಕ್ಕೋರು ಅಂದು ಮಧ್ಯಾಹ್ನ ನಮ್ಮನ್ನೆಲ್ಲ ಹಳ್ಳಕ್ಕೆ ಕರೆದೊಯ್ದರು. ಮೀನು ನೋಡುವುದೇ ಪಾಠ. ನಾವು ಪಾಠ ಮರೆತು ಒಬ್ಬರಿಗೊಬ್ಬರು ನೀರೆರಚಿದೆವು. ಗೌರಿ ಮಾತ್ರ ದೂರದಲ್ಲಿ ನೇರಳೆ ಮರಕ್ಕೆ ಬೆನ್ನುಕೊಟ್ಟು ನಿಂತಿದ್ದಳು.

"ನೀ ಬರಲ್ವಾ?" ಅಕ್ಕೋರು ಕೇಳಿದರು.

"ಇಲ್ಲ. ಈ ನೀರೇ ನಮ್ಮನೆ ನುಂಗಿದ್ದು."

ಇದು ಬೇರೆ ನೀರು, ಆ ಹೊಳೆ ಬೇರೆ ಎಂದು ಅಕ್ಕೋರು ತಿಳಿಹೇಳಬಹುದಿತ್ತು. ಹೇಳಲಿಲ್ಲ. "ಹಾಗಾದ್ರೆ ಸಿಟ್ಟು ಬರದೇ ಇರ್ತದಾ? ಈ ನೀರಿಗೆ ಒಂದು ಕಲ್ಲು ಹೊಡಿ," ಎಂದರು.

ಗೌರಿ ಹೊಡೆದಳು. ಮತ್ತೊಂದು ಹೊಡೆದಳು. ತನ್ನ ತಲೆಯಷ್ಟು ದೊಡ್ಡದನ್ನೂ ಉರುಳಿಸಿದಳು. ನೀರಿನ ಮೇಲೆ ನಮಗೆ ಯಾವ ಹಗೆಯೂ ಇರಲಿಲ್ಲ, ಆದರೆ ಅಕ್ಕೋರೇ ಕಲ್ಲು ಹೊಡಿ ಅಂದಾಗ ಕೈಕಟ್ಟಿ ನಿಲ್ಲುವ ಮಕ್ಕಳನ್ನು ನೀವು ಎಲ್ಲಾದರೂ ಕಂಡಿದ್ದೀರಾ? ನಾವೂ ಶುರು ಹಚ್ಚಿಕೊಂಡೆವು. ಕಿರಿದಾದ ಹಳ್ಳ. ಕಲ್ಲು ಗುಡ್ಡೆಯಾಗಿ ನೀರು ಕಟ್ಟಿತು, ಏರಿತು, ದಡದ ಒಂದು ಏಡಿಬಿಲಕ್ಕೆ ನುಗ್ಗಿತು. ಏಡಿ ಹೊರಗೆ ಬಂದು ಅತ್ತ ಇತ್ತ ಓಡಾಡಿತು.

ಗೌರಿಯ ಕೈ ನಿಂತಿತು. "ಅದರ ಮನೆಗೆ ನೀರು ಬಂತು," ಎಂದಳು. ಆಮೇಲೆ ಲಂಗ ಎತ್ತಿಕಟ್ಟುವುದನ್ನೂ ಮರೆತು ನೀರಿಗಿಳಿದು ಕಲ್ಲು ಕಿತ್ತೆಸೆಯತೊಡಗಿದಳು. ನಾವೂ ಕಿತ್ತೆವು. ಕಟ್ಟಿದ್ದ ನೀರು ಗುಳುಗುಳು ಎಂದು ಹರಿದುಹೋಯಿತು. ಗೌರಿ ಅಲ್ಲೇ ನೀರಿನಲ್ಲಿ ಕೂತು ಜೋರಾಗಿ ಅತ್ತಳು. ಬಂದಂದಿನಿಂದ ಅವಳು ಅತ್ತದ್ದನ್ನು ನಾವು ಕಂಡಿರಲಿಲ್ಲ. ಅಕ್ಕೋರು ಸೀರೆ ನೆನೆಯುವುದನ್ನು ಲೆಕ್ಕಿಸದೆ ಪಕ್ಕದಲ್ಲಿ ಕೂತರು. ಸುಮ್ಮನಿರು ಎನ್ನಲಿಲ್ಲ. ಅಳು ತಾನಾಗಿ ಮುಗಿಯುವವರೆಗೆ ಬೆನ್ನ ಮೇಲೆ ಕೈಯಿಟ್ಟಿದ್ದರು, ಅಷ್ಟೇ.

ಅಷ್ಟರಲ್ಲಿ ಆ ಏಡಿ, ಮಾಡಿದ ಉಪಕಾರ ಮರೆತು, ನನ್ನ ಹೆಬ್ಬೆರಳು ಹಿಡಿಯಿತು. ನಾನು ಕುಣಿದ ಚಂದಕ್ಕೆ ಗೌರಿ ಮೊದಲ ಬಾರಿ ನಕ್ಕಳು.

ಅವಳ ಸಿಟ್ಟು ಅಂದೇ ಹೋಯಿತೆಂದಲ್ಲ. ಆದರೆ ಮುಂದೆ ಕಚ್ಚುವ ಮೊದಲು, "ಅಕ್ಕೋರೇ, ಹಳ್ಳಕ್ಕೆ ಹೋಗಿ ಬರ್ಲಾ?" ಎಂದು ಕೇಳುತ್ತಿದ್ದಳು. ಜೊತೆಗೆ ಹೋಗುವವಳು ನಾನು. ಕೆಲವೇ ದಿನಗಳಲ್ಲಿ ಇಡೀ ಕ್ಲಾಸಿಗೆ ಸಿಟ್ಟಿನ ಕಾಯಿಲೆ ಹಿಡಿಯಿತು. ಮಗ್ಗಿ ಒಪ್ಪಿಸುವ ಹೊತ್ತಿಗಂತೂ ತಡೆಯಲಾರದ ಸಿಟ್ಟು. ಒಮ್ಮೆ ಹೆಡ್‌ಮಾಸ್ಟರೂ ಒದ್ದೆ ಪಂಚೆಯಲ್ಲಿ ಆ ಕಡೆಯಿಂದ ಬಂದರು. ಯಾಕೆಂದು ಕೇಳುವ ಧೈರ್ಯ ನಮಗಿರಲಿಲ್ಲ.

ಗೌರಿ ಮದುವೆಯಾಗಿ ಹಿನ್ನೀರಿನಾಚೆ ತುಮರಿ ಕಡೆಯೇ ನೆಲೆಸಿದಳು. ಮಣೆಯಿಂದೆದ್ದು ಅವಳಿಗೆ ಫೋನು ಹಚ್ಚಿದೆ.

"ನೀರು ಇಳಿದಿದೆ ಮಾರಾಯ್ತಿ," ಎಂದಳು. "ಮುಳುಗಿದ್ದ ನಮ್ಮ ಹಳೇ ಮನೆ ಅಂಗಳ ಕಾಣ್ತಾ ಇದೆ. ಮೊಮ್ಮಕ್ಕಳು ಅಲ್ಲೇ ಕ್ರಿಕೆಟ್ ಆಡ್ತಾರೆ. ನಿನ್ನೆ ನಂಗೂ ಬ್ಯಾಟು ಕೊಟ್ರು. ನೀನೂ ಬಾ."

ಬಾ ಎಂದು ಪ್ರತಿ ಬೇಸಿಗೆಯಲ್ಲೂ ಅನ್ನುತ್ತಾಳೆ. ಮುಳುಗಿದ ಮನೆಯ ಮುಂದೆ ನಿಂತು ಅವಳಿಗೆ ಏನು ಹೇಳುವುದೆಂದು ತಿಳಿಯದೆ ನಾನೇ ಮಂಡಿನೋವಿನ ನೆಪ ಹೇಳುತ್ತಿದ್ದೆ. ಇಂದು ಹೇಳಲಿಲ್ಲ. ನಾಳೆಯೇ ಹೊರಡುತ್ತೇನೆ. ನನಗೆ ಓಡಲಾಗುವುದಿಲ್ಲ, ಬೌಲಿಂಗ್ ಬೇಕಾದರೆ ಮಾಡುತ್ತೇನೆ ಎಂದು ಮಕ್ಕಳಿಗೆ ಹೇಳಿಸಿದ್ದೇನೆ.